ಬಟ್ಟೆಯಲ್ಲಿ ಉಳಿದ ಸಾಬೂನು

ಪಾಯಪ್ಪ ತೀರಿಕೊಂಡ ದಿನ ಬೆಳಿಗ್ಗೆ ಅವನ ಎರಡು ಚಾದರ, ಒಂದು ಲುಂಗಿ, ಮೂರು ಬನಿಯನ್‌ಗಳು ಮಿರಜಿನ ಮಶೀನ್ ಲಾಂಡ್ರಿಯಲ್ಲಿ ತಿರುಗುತ್ತಿದ್ದವು. ಅವನ ಹೆಂಡತಿ ಸಖುಬಾಯಿ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಶೀನಿನ ಮೇಲೆ ಹೊಳೆಯುವ ಕೆಂಪು ಅಂಕಿಯನ್ನು ನೋಡುತ್ತಿದ್ದಳು. ಇನ್ನು ಹದಿನಾಲ್ಕು ನಿಮಿಷ ಎಂದು ತೋರಿಸುತ್ತಿರುವಾಗ ಎದುರಿನ ದವಾಖಾನೆಯ ವಾರ್ಡಿನಿಂದ ಫೋನ್ ಬಂತು. ಲಗೂನ ಬರ್ರಿ ಎಂದಷ್ಟೇ ಹೇಳಿದರು. ಅವಳು ಎದ್ದು ರಸ್ತೆ ದಾಟಿ, ಮೂರು ಮಹಡಿ ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅಂಬ್ಯುಲೆನ್ಸು, ಸಮಡೋಳಿ ಊರಿನಲ್ಲಿ ಪಾಯಪ್ಪನ ಅಣ್ಣನ ಮನೆಯ ಅಂಗಳ, ಜನ. ಸಖುಬಾಯಿ ಅಳಲಿಲ್ಲ. ನೆಗೆಣ್ಣಿ ದುಂಡವ್ವ ಅವಳ ಪಕ್ಕದಲ್ಲೇ ಕೂತು, "ಒಮ್ಮೆ ಅತ್ತು ಬಿಡ ಸಖು, ಎದಿ ಹಗುರ ಆಗತೈತಿ" ಎಂದು ಮೂರು ದಿನ ಹೇಳಿದಳು. ನಾಲ್ಕನೆಯ ದಿನ ಹೇಳುವುದನ್ನು ಬಿಟ್ಟಳು. ಸಖುಬಾಯಿ ಕೊಟ್ಟದ್ದನ್ನು ಉಂಡಳು, ತೋರಿಸಿದ ಕಡೆ ಮಲಗಿದಳು. ಅವಳಿಗೆ ದುಃಖವಾಗುತ್ತಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದಾಗ ದವಡೆ ತನ್ನದಲ್ಲ ಎನ್ನಿಸುತ್ತದಲ್ಲ, ಹಾಗೆ ಇಡೀ ಮೈಗೆ ಆಗಿತ್ತು.

ದಿನಕರ್ಮಗಳೆಲ್ಲ ಮುಗಿದು ಬುಧಗಾಂವದ ಬಾಡಿಗೆ ಕೋಣೆಗೆ ಮರಳಿದ ಮೇಲೆ, ಹದಿನಾಲ್ಕನೆಯ ದಿನ ಬೆಳಿಗ್ಗೆ, ಅವಳಿಗೆ ಮಶೀನಿನಲ್ಲಿ ಬಿಟ್ಟುಬಂದ ಬಟ್ಟೆಯ ನೆನಪಾಯಿತು. ಬಸ್ಸು ಹಿಡಿದು ಸಾಂಗಲಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಿರಜಿಗೆ ಹೋದಳು.

ಲಾಂಡ್ರಿ ಇದ್ದದ್ದು ದವಾಖಾನೆಗಳ ಬೀದಿಯಲ್ಲಿ. ಮಿರಜಿಗೆ ಅಥಣಿ, ಜಮಖಂಡಿ, ವಿಜಯಪುರದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಜೊತೆಗೆ ಬಂದವರು ವಾರಗಟ್ಟಲೆ ಉಳಿಯುತ್ತಾರೆ. ವಾರ್ಡುಗಳಲ್ಲಿ ಬಟ್ಟೆ ಒಗೆಯಲು ಬಿಡುವುದಿಲ್ಲ, ಲಾಡ್ಜುಗಳಲ್ಲಿ ಒಣಹಾಕಲು ಜಾಗವಿಲ್ಲ. ಅಂಥವರಿಗಾಗಿಯೇ ನೀಲೇಶ ಎಂಬ ಹುಡುಗ, ಹುಡುಗನೆಂದರೂ ಮೂವತ್ತೆರಡು ದಾಟಿತ್ತು, ತಮ್ಮ ಹಳೆಯ ಕಿರಾಣಿ ಅಂಗಡಿಯನ್ನು ತೆರವು ಮಾಡಿ ಮೇಲಿನಿಂದ ಬಟ್ಟೆ ತುಂಬುವ ಆರು ಮಶೀನುಗಳನ್ನೂ ಒಣಗಿಸುವ ಎರಡು ಮಶೀನುಗಳನ್ನೂ ಇಟ್ಟಿದ್ದ. ಅವನ ಮನೆಮಾತು ಕನ್ನಡ. ಆದರೆ ಶಾಲೆ, ಗೆಳೆಯರು, ಹೆಂಡತಿ ಎಲ್ಲ ಮರಾಠಿಯಾದ್ದರಿಂದ ಅವನ ಕನ್ನಡ ಅರ್ಧ ದಾರಿಗೆ ಹೋಗಿ ಮರಾಠಿಗೆ ಹೊರಳುತ್ತಿತ್ತು. ಹಿರಿಯ ಹೆಂಗಸರನ್ನೆಲ್ಲ ಚಿಕ್ಕಮ್ಮ ಎನ್ನುವ ಬದಲು ಮಾವಶಿ ಎನ್ನುತ್ತಿದ್ದ.

ಅವನು ಬಟ್ಟೆಗಳನ್ನು ಒಣಗಿಸಿ, ಮಡಚಿ, ಒಂದು ಕೈಚೀಲದಲ್ಲಿ ಹಾಕಿ ಮೇಲಿನ ಹಲಗೆಯ ಮೇಲೆ ಇಟ್ಟಿದ್ದ. ಚೀಲದ ಮೇಲೆ ಪಾಯಪ್ಪ ಎಂದು ಪೆನ್ನಿನಲ್ಲಿ ಬರೆದಿದ್ದ.

"ಮಾವಶಿ, ಎಷ್ಟು ದಿನ ಆತು, ಬರಲೇ ಇಲ್ಲ. ಪೇಶಂಟ್ ಹೆಂಗ ಅದಾರ?"

"ಹೋದರು," ಎಂದಳು ಸಖುಬಾಯಿ.

ನೀಲೇಶನಿಗೆ ಮೊದಲು ಮನೆಗೆ ಹೋದರು ಎಂದು ಕೇಳಿಸಿತು. ಅವನು ನಕ್ಕು, ಅವಳ ಮುಖ ನೋಡಿ, ನಗುವುದನ್ನು ನಿಲ್ಲಿಸಿದ. ಕುಂದ್ರಿ ಎಂದು ಕುರ್ಚಿ ಸರಿಸಿದ. ಅವಳು ಕೂತಳು. ಬಟ್ಟೆ ಒಯ್ಯಲು ಬಂದವಳು ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದಳು. ಮಶೀನುಗಳ ಗುಂಯ್ ಎನ್ನುವ ಸದ್ದು ಅವಳಿಗೆ ಹಿತವಾಗಿತ್ತು ಎನ್ನಲಾಗದು. ಆದರೆ ಅಲ್ಲಿ ಯಾರೂ ಅವಳ ಮುಖ ನೋಡಿ ಏನನ್ನೂ ಕಾಯುತ್ತಿರಲಿಲ್ಲ. ವಯಸ್ಸಾದ ಹೆಂಗಸೊಬ್ಬಳು ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ನಿಂತಾಗ ಸಖುಬಾಯಿ ಎದ್ದು ಹೋಗಿ ಒತ್ತಿಕೊಟ್ಟಳು. ಮೂವತ್ತೆಂಟು ದಿನ ಅಲ್ಲಿ ಬಟ್ಟೆ ಒಗೆದವಳಿಗೆ ಅದೆಲ್ಲ ಬಾಯಿಪಾಠವಾಗಿತ್ತು.

ಮರುದಿನವೂ ಹೋದಳು. ಅದರ ಮರುದಿನವೂ. ನಾಲ್ಕನೆಯ ದಿನ ನೀಲೇಶ, "ಮಾವಶಿ, ದಿನಾ ಬರತೀರಿ, ಹಂಗ ಯಾಕ ಕುಂದರತೀರಿ? ಕೆಲಸಕ್ಕ ಬರ್ರಿ" ಎಂದ. ಅವಳು ಹ್ಞೂ ಎಂದಳು. ಚೀಲ ಹಲಗೆಯ ಮೇಲೆಯೇ ಉಳಿಯಿತು.

ಅದಕ್ಕೂ ಮೊದಲು ಸಖುಬಾಯಿ ಹತ್ತೊಂಬತ್ತು ವರ್ಷ ಸಾಂಗಲಿಯ ಮಾರ್ಕೆಟ್ ಯಾರ್ಡಿನ ಅರಿಶಿಣದ ಗೋದಾಮಿನಲ್ಲಿ ದುಡಿದವಳು. ಕೊಂಬು ಒಂದು ಕಡೆ, ಗಡ್ಡೆ ಒಂದು ಕಡೆ, ಹುಳ ಬಿದ್ದದ್ದು ಮತ್ತೊಂದು ಕಡೆ ಆರಿಸುವ ಕೆಲಸ. ಪಾಯಪ್ಪ ಅದೇ ಗೋದಾಮಿನಿಂದ ಕುಪವಾಡ ಕೈಗಾರಿಕಾ ಪ್ರದೇಶದ ಮಸಾಲೆ ಕಾರಖಾನೆಗಳಿಗೆ ಟೆಂಪೋದಲ್ಲಿ ಮೂಟೆ ಸಾಗಿಸುತ್ತಿದ್ದ. ಮಕ್ಕಳಾಗಲಿಲ್ಲ. ಪಾಯಪ್ಪ ಬಾಯಿಬಡಕ. ಟೆಂಪೋ ಓಡಿಸುತ್ತ ದಾರಿಯ ಎಮ್ಮೆಗಳ ಜೊತೆಗೂ ಮಾತಾಡುವವನು. ಮನೆಯಲ್ಲಿ ಎರಡು ಪಾಲು ಮಾತು ಅವನದೇ ಇದ್ದುದರಿಂದ ಸಖುಬಾಯಿಗೆ ಹೆಚ್ಚು ಆಡುವ ಪ್ರಸಂಗ ಬಂದಿರಲಿಲ್ಲ. ಅವನ ಕಿಡ್ನಿಗಳು ಕೆಟ್ಟು, ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸುವ ಹೊತ್ತು ಬಂದಾಗ ಅವಳು ಗೋದಾಮು ಬಿಟ್ಟಳು. ಕೊನೆಗೆ ಸೋಂಕು ತಗುಲಿ ಮೂವತ್ತೆಂಟು ದಿನ ಮಲಗಿದ. ಆ ದಿನಗಳಲ್ಲಿ ಅವನು ಆಡಿದ ಮಾತೆಲ್ಲ ಒಂದೇ: "ಸಖು, ಚಾದರ ಕಡೀತೈತಿ."

ಬೆನ್ನು, ತೋಳು, ತೊಡೆ ಎಲ್ಲ ತುರಿಸಿ ತುರಿಸಿ ಗೆರೆ ಎದ್ದಿದ್ದವು. ಕಿಡ್ನಿಯ ರೋಗಿಗಳಿಗೆ ತುರಿಕೆ ಸಹಜ ಎಂದು ಡಾಕ್ಟರು ಹೇಳಿದ್ದರು. ಮುಲಾಮು ಬರೆದುಕೊಟ್ಟಿದ್ದರು. ಸಖುಬಾಯಿ ಮುಲಾಮು ಹಚ್ಚಿದಳು, ಮತ್ತೆ ದಿನಕ್ಕೊಂದು ಹೊಸದಾಗಿ ಒಗೆದ ಚಾದರ ಹಾಸಿದಳು. ಒಗೆಯುವಾಗ ಪಾವಡರ್ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು, ಸ್ವಚ್ಛ ಇರಲಿ ಎಂದು.

ಲಾಂಡ್ರಿಯ ಕೆಲಸ ಸೇರಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬರುವಳು. ನೆಲ ಒರೆಸುವಳು. ಬಂದವರಿಗೆ ಬಟ್ಟೆ ಹಾಕಿಕೊಡುವಳು, ತೆಗೆದುಕೊಡುವಳು, ಮಡಚಿಕೊಡುವಳು. ಯಾರಾದರೂ ತಮ್ಮ ರೋಗಿಯ ಕಥೆ ಹೇಳಿದರೆ ಕೇಳುವಳು. ಕೇಳಿದ್ದು ಒಳಗೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗೌರಿ ಹಬ್ಬ ಬಂತು, ದೀಪಾವಳಿ ಬಂತು, ದುಂಡವ್ವ ಕರೆದಳು. ಸಖುಬಾಯಿ ರಜೆ ಸಿಗುವುದಿಲ್ಲ ಎಂದಳು. ರಜೆ ಅವಳು ಕೇಳಿರಲೇ ಇಲ್ಲ.

ಒಂದು ಬುಧವಾರ ಸ್ವಪ್ನಾಲಿ ಎಂಬ ಹುಡುಗಿ ದೊಡ್ಡ ಗಂಟು ಹೊತ್ತುಕೊಂಡು ಬಂದಳು. ಅವಳ ಅಕ್ಕನ ಮದುವೆ ಮರುದಿನವಿತ್ತು. ಮಂಗಳವಾರ ಅರಿಶಿಣ ಹಚ್ಚುವ ಕಾರ್ಯಕ್ರಮದಲ್ಲಿ ಎಲ್ಲರೂ ಬಿಳಿ ಕುರ್ತಾ, ಬಿಳಿ ಸೀರೆ ಉಟ್ಟು, ಒಬ್ಬರಿಗೊಬ್ಬರು ಎರಚಾಡಿದ್ದರು. ಅಷ್ಟನ್ನೂ ಒಂದೇ ಮಶೀನಿಗೆ ತುರುಕಿ, ಮೇಲೆ ಮೊಳಕೈಯಿಂದ ಒತ್ತಿ, ಎರಡು ಮುಚ್ಚಳ ಪಾವಡರ್ ಸುರಿದು ಅವಳು ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತಳು.

ಮಶೀನು ನಿಂತ ಮೇಲೆ ಮುಚ್ಚಳ ತೆರೆದವಳೇ ಚೀರಿದಳು. ಬಿಳಿ ಕುರ್ತಾಗಳ ಮೇಲೆಲ್ಲ ಕೆಂಪು ಕಲೆ. ಎಲೆಯಡಿಕೆ ಉಗುಳಿದಂತೆ ಕೆಲವು, ರಕ್ತ ಹತ್ತಿದಂತೆ ಕೆಲವು.

"ಹೇ ಕಾಯ ಆಹೆ? ಏನಿದು? ಇದರಾಗ ದವಾಖಾನಿ ಅರಿವಿ ಒಗದಿದ್ರೇನು? ರಕ್ತ ಹತ್ತೇದ!" ಎಂದು ಸ್ವಪ್ನಾಲಿ ಕೂಗಿದಳು. ಉಳಿದ ಗಿರಾಕಿಗಳು ತಮ್ಮ ತಮ್ಮ ಮಶೀನಿನ ಮುಚ್ಚಳ ತೆರೆದು ನೋಡತೊಡಗಿದರು. ನೀಲೇಶ ಓಡಿ ಬಂದ.

ಸಖುಬಾಯಿ ಒಂದು ಕುರ್ತಾ ತೆಗೆದು, ಕಲೆಯನ್ನು ಬೆರಳಿನ ನಡುವೆ ತಿಕ್ಕಿ, ಮೂಗಿನ ಹತ್ತಿರ ಹಿಡಿದಳು.

"ರಕ್ತ ಅಲ್ಲ ತಂಗಿ. ಅರಿಷಿಣಾನ ಐತಿ. ಸಬಕಾರ ತಾಗಿದ್ರ ಅರಿಷಿಣ ಕೆಂಪ ಆಗತೈತಿ."

"ಸಬಕಾರ ಹೋಗೇತಲ್ಲರಿ, ಮಶೀನ ನೀರು ತಗದೈತಲ್ಲ!" ಎಂದಳು ಸ್ವಪ್ನಾಲಿ.

"ಹೋಗಿದ್ರ ಹಳದಿ ಆಗಬೇಕಿತ್ತು."

ಗೋದಾಮಿನ ಹೆಂಗಸರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಮೈಕೈಯೆಲ್ಲ ಹಳದಿಯಾಗಿ ಮನೆಗೆ ಹೋಗಿ ಸೀರೆಗೆ ಸಾಬೂನು ಹಚ್ಚಿದರೆ ಸೀರೆ ಕೆಂಪಗೆ ತಿರುಗುತ್ತದೆ. ಜಾಲಿಸುತ್ತ ಹೋದಂತೆ ಮತ್ತೆ ಹಳದಿಗೆ ಬರುತ್ತದೆ. ಪೂರ್ತಿ ಹಳದಿಗೆ ಬಂತೆಂದರೆ ಸಾಬೂನು ಬಿಟ್ಟಿತು ಎಂದು ಲೆಕ್ಕ. ಅವಳು ಹಿಂದುಗಡೆಯ ನಲ್ಲಿಯ ಕೆಳಗೆ ಬಕೀಟು ಇಟ್ಟು ಕುರ್ತಾಗಳನ್ನು ಒಂದೊಂದಾಗಿ ಜಾಲಿಸಿದಳು. ಮೊದಲ ಬಕೀಟಿನ ನೀರು ಹಾಲಿನಂತೆ ಬೆಳ್ಳಗಾಗಿ ನೊರೆ ಕಟ್ಟಿತು. ಎರಡನೆಯದೂ ಹಾಗೇ. ನಾಲ್ಕನೆಯ ನೀರಿಗೆ ಕೆಂಪು ಇಳಿದು ಹಳದಿಯಾಯಿತು. ಚಹದ ಅಂಗಡಿಯಿಂದ ನಿಂಬೆಹಣ್ಣು ತರಿಸಿ ಕೊನೆಯ ನೀರಿಗೆ ಹಿಂಡಿದಳು.

"ಇನ್ನ ಬಿಸಲಾಗ ಹಾಕ್ರಿ. ಹಳದಿ ಬಿಸಲಿಗೆ ತಾನ ಹೋಗತೈತಿ," ಎಂದು ಹೇಳಿ ಸ್ವಪ್ನಾಲಿಯ ಕೈಗೆ ಗಂಟು ಕೊಟ್ಟಳು. ಹುಡುಗಿ ಕಣ್ಣೊರೆಸಿಕೊಂಡು ಹೋದಳು. ನೀಲೇಶ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕೂತ.

ಸಖುಬಾಯಿ ಮಾತ್ರ ಆ ಬಕೀಟಿನ ಹತ್ತಿರವೇ ನಿಂತಿದ್ದಳು. ನೊರೆ ಒಡೆಯುತ್ತಿತ್ತು. ಅವಳು ಒಳಗೆ ಬಂದು, ಆಗಷ್ಟೇ ನಿಂತ ಎರಡನೆಯ ಮಶೀನಿನಿಂದ ಯಾರದೋ ಟವೆಲು ತೆಗೆದು, ಆ ಬಕೀಟಿಗೆ ಹೊಸ ನೀರು ಹಿಡಿದು ಅದ್ದಿ ಅಲ್ಲಾಡಿಸಿದಳು. ನೊರೆ ಬಂತು. ಐದನೆಯ ಮಶೀನಿನ ದಿಂಬಿನ ಗವಸು ತೆಗೆದಳು. ನೊರೆ ಬಂತು. ಬಟ್ಟೆ ಅರ್ಧವೇ ತುಂಬಿದ್ದ ಆರನೆಯ ಮಶೀನಿನ ಅಂಗಿಯಿಂದ ಸ್ವಲ್ಪವೇ ಬಂತು.

ಆಗ ಅವಳ ಕಣ್ಣು ಮೇಲಿನ ಹಲಗೆಯ ಕಡೆ ಹೋಯಿತು.

ಚೀಲವನ್ನು ಇಳಿಸಿ ಮೇಲಿನ ಚಾದರವನ್ನು ಬಿಚ್ಚಿದಳು. ನೀಲಿ ಪಟ್ಟೆಯದು. ಎಂಟು ತಿಂಗಳ ಮಡಿಕೆಗಳು ಗಟ್ಟಿಯಾಗಿ ನಿಂತಿದ್ದವು. ಮೂಲೆಯನ್ನು ನಲ್ಲಿಯ ಕೆಳಗೆ ಹಿಡಿದು ತೋಯಿಸಿದಳು. ಸ್ವಪ್ನಾಲಿಯ ಗಂಟಿನಿಂದ ಉದುರಿ ಮಶೀನಿನ ಪಕ್ಕ ಬಿದ್ದಿದ್ದ ಅರಿಶಿಣದ ಪುಡಿ ಒಂದು ಚಿಟಿಕೆಯಷ್ಟು ಸಿಕ್ಕಿತು. ಅದನ್ನು ಒದ್ದೆ ಬಟ್ಟೆಗೆ ತಿಕ್ಕಿದಳು. ಬೆರಳಿನ ಕೆಳಗೆ ಹಳದಿ ಒಂದು ಕ್ಷಣ ಹಳದಿಯಾಗೇ ಇದ್ದು, ಆಮೇಲೆ ನಿಧಾನವಾಗಿ ಕೆಂಪಾಯಿತು.

ಅವಳು ಚಾದರವನ್ನು ಮಡಚಿ ಚೀಲಕ್ಕೆ ಹಾಕಿದಳು. ಮೂರನೆಯ ಮಶೀನು ಮುಗಿದ ಗಂಟೆ ಬಾರಿಸಿತು. ಹೋಗಿ ಬಟ್ಟೆ ತೆಗೆದಳು.

ಆ ದಿನ ಬಸ್ಸಿನಲ್ಲಿ ಕೂತಾಗ, ಈಗ ನನಗೆ ಏನಾದರೂ ಆಗಬೇಕು ಎಂದು ಅವಳಿಗೆ ಅನಿಸಿತು. ಮೂವತ್ತೆಂಟು ದಿನ, ದಿನಕ್ಕೊಂದು ಚಾದರ, ಒಂದು ಹಿಡಿ ಹೆಚ್ಚು ಪಾವಡರ್. ಅವನು ಕಡೀತೈತಿ ಎಂದಾಗಲೆಲ್ಲ ಅವಳು ಹಳೆಯದನ್ನು ತೆಗೆದು ಇನ್ನೊಂದು ಹಾಸಿದ್ದಳು. ಇದನ್ನೆಲ್ಲ ಒಂದರ ಹಿಂದೆ ಒಂದು ನೆನೆಸಿಕೊಂಡಳು. ನೆನಪುಗಳು ಸರಿಯಾಗಿಯೇ ಬಂದವು. ಅವುಗಳ ಜೊತೆ ಬರಬೇಕಾದದ್ದು ಬರಲಿಲ್ಲ. ಸಾಂಗಲಿ ಬಂತು. ಇಳಿದಳು.

ಎರಡು ದಿನ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ರಸ್ತೆ ದಾಟಿ ದವಾಖಾನೆಗೆ ಹೋದಳು. ಪಾಯಪ್ಪನ ವಾರ್ಡಿನಲ್ಲಿದ್ದ ಸೋನಾಲಿ ಸಿಸ್ಟರು ಮೆಟ್ಟಿಲ ಬಳಿ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದಳು. ಸಖುಬಾಯಿಯನ್ನು ಗುರುತಿಸಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಸಿಸ್ಟರ್, ಒಂದ ಮಾತ ಕೇಳೂದಿತ್ತು. ನಮ್ಮ ಮನಿಯವರಿಗೆ ತುರಿಕಿ ಇತ್ತಲ್ಲ. ಚಾದರದಾಗ ಸಬಕಾರ ಉಳದಿತ್ತು. ಅದರಿಂದ ಆಗಿತ್ತೇನು?"

ಸೋನಾಲಿ ತುತ್ತು ನುಂಗಿ ಅವಳನ್ನೇ ನೋಡಿದಳು. "ಕಿಡ್ನಿ ಪೇಶಂಟಿಗೆ ತುರಿಕಿ ಒಳಗಿಂದ ಬರತೈತಿ ಮಾವಶಿ. ಚಾದರ ರೇಶಿಮಿದಿದ್ರೂ ಬರತಿತ್ತು."

"ಸಬಕಾರದಿಂದ ಹೆಚ್ಚಾಗಿರಬೇಕು."

"ಆಗಿರಬಹುದು. ಅವರ ಚರ್ಮ ಮೊದಲ ಒಣಗಿತ್ತು." ಡಬ್ಬಿಯ ಮುಚ್ಚಳ ಹಾಕಿ ಸೋನಾಲಿ ಕೇಳಿದಳು: "ನಾ ಹೌದ ಅಂದ್ರ ನಿಮಗ ಸಮಾಧಾನ ಆಗತೈತೋ, ಅಲ್ಲ ಅಂದ್ರ ಆಗತೈತೋ?"

"ಯಾವದಕ್ಕೂ ಏನೂ ಆಗವಲ್ದು," ಎಂದಳು ಸಖುಬಾಯಿ.

ಸೋನಾಲಿ ಅವಳ ಮಣಿಕಟ್ಟು ಹಿಡಿದಳು. ನಾಡಿ ನೋಡುವಂತೆ ಹಿಡಿದದ್ದೋ, ಸಮಾಧಾನಕ್ಕೆ ಹಿಡಿದದ್ದೋ ತಿಳಿಯಲಿಲ್ಲ. "ಊಟ ಸರಿ ಮಾಡತೀರೇನು?" ಎಂದು ಕೇಳಿದಳು. ಸಖುಬಾಯಿ ಹ್ಞೂ ಎಂದು ಎದ್ದು ಬಂದಳು.

ಬಂದವಳು ನೇರ ನೀಲೇಶನ ಮೇಜಿನ ಮುಂದೆ ನಿಂತಳು.

"ನೀಲೇಶ, ಮಶೀನದಾಗ ಸಬಕಾರ ಉಳೀತೈತಿ. ಇನ್ನೊಂದ ನೀರು ತಗೀಬೇಕು."

"ಮಾವಶಿ, ನೀರು ಎಲ್ಲಿಂದ ತರ್ಲಿ? ನಳದ ನೀರು ದಿವಸ ಬಿಟ್ಟು ದಿವಸ ಬರತೈತಿ. ಬೋರಿಂದು ಗಡಸ ನೀರು. ಒಂದ ನೀರು ಹೆಚ್ಚಿಗಿ ಅಂದ್ರ ಹದಿನೈದು ಮಿನಿಟ್ ಹೆಚ್ಚಿಗಿ. ಗರ್ದಿ ನೋಡ್ರಿ, ಲೋಕ ರಸ್ತೆದಾಗ ನಿಂತಾರ. ಯಾರೂ ತಕರಾರ ಮಾಡಿಲ್ಲಲ್ಲ?"

"ಹಾಸಗಿ ಹಿಡದವರು ಬಂದು ತಕರಾರ ಮಾಡೂದಿಲ್ಲ."

ಅವನಿಗೆ ಅದು ಚುಚ್ಚಿತೋ ಇಲ್ಲವೋ, ಫೋನ್ ಬಂತೆಂದು ಹೊರಗೆ ಹೋದ.

ಸಖುಬಾಯಿ ವಾದ ಮಾಡಲಿಲ್ಲ. ವಾದ ಮಾಡುವಷ್ಟು ಕಾವು ಅವಳಲ್ಲಿ ಇರಲಿಲ್ಲ. ಮರುದಿನದಿಂದ ಬಕೀಟು ಹಿಡಿದಳು. ಯಾವುದೇ ಮಶೀನು ಜಾಲಿಸುವ ಹಂತಕ್ಕೆ ಬಂದೊಡನೆ ತಡೆಯುವ ಗುಂಡಿ ಒತ್ತಿ, ಮುಚ್ಚಳ ಎತ್ತಿ, ಹಿಂದಿನ ನಲ್ಲಿಯಿಂದ ನೀರು ಹೊತ್ತು ತಂದು ಸುರಿಯುವಳು. ಒಂದು ಮಶೀನಿಗೆ ಮೂರು ಬಕೀಟು. ಕೈಹಾಕಿ ಬಟ್ಟೆಯನ್ನು ಮೇಲೆ ಕೆಳಗೆ ಮಾಡಿ, ಮತ್ತೆ ಗುಂಡಿ ಒತ್ತುವಳು. ಆರು ಮಶೀನು, ದಿನಕ್ಕೆ ಒಂದೊಂದು ಏಳೆಂಟು ಸಲ. ಸೆರಗು, ತೋಳು, ಕಾಲು ಎಲ್ಲ ಇಡೀ ದಿನ ಒದ್ದೆ. ಭುಜ ನೋಯುತ್ತಿತ್ತು. ನೋವು ಕೂಡ ಯಾರೋ ಬೇರೆಯವರದು ಎನ್ನುವಂತೆ ದೂರದಲ್ಲಿತ್ತು. ಗಿರಾಕಿಗಳು, "ಯಾಕ್ರಿ ಬಾಯಿ, ಮಶೀನ ಕೆಟ್ಟೈತೇನು?" ಎಂದು ಕೇಳುವರು. "ಇಲ್ಲ" ಎನ್ನುವಳು. ಅಷ್ಟೇ.

ನೀಲೇಶ ನಾಲ್ಕು ದಿನ ನೋಡಿಯೂ ನೋಡದವನಂತಿದ್ದ. ಐದನೆಯ ದಿನ, "ಮಾವಶಿ, ಬಿದ್ದು ಕಾಲು ಮುರಕೊಂಡ್ರ ನನ್ನ ಮ್ಯಾಲ ಬರತೈತಿ, ಬಿಡ್ರಿ" ಎಂದು ಬೈದ. ಅವಳು ಬಿಡಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಅವಳ ಕೈಯಿಂದ ಬಕೀಟು ಕಸಿದುಕೊಂಡ.

"ಯಾಕ ಇಷ್ಟ ಹಟಾ? ಏನಾಗೇತಿ ನಿಮಗ?"

ಅವಳು ಹಲಗೆಯ ಮೇಲಿನ ಚೀಲ ಇಳಿಸಿ, ಚಾದರದ ಮೂಲೆ ಬಿಡಿಸಿ ತೋರಿಸಿದಳು. ಕಲೆ ಒಣಗಿ ಕಂದಾಗಿತ್ತು.

"ಇದು ನಮ್ಮ ಮನಿಯವರದು. ಅರಿಷಿಣ ತಿಕ್ಕಿ ನೋಡಿದೆ. ಕೆಂಪಾತು. ಚಾದರ ಕಡೀತೈತಿ ಅಂತಿದ್ರು. ನಾ ಮತ್ತ ಇದರಾಗ ಒಗದ ತಂದು ಹಾಸತಿದ್ದೆ."

ಬೇರೆ ಯಾರಾದರೂ ಹೇಳಿದ್ದರೆ ಅದರಲ್ಲಿ ದೂರು ಇರುತ್ತಿತ್ತು. ಅವಳು ಇವತ್ತು ಬಸ್ಸು ತಡ ಎನ್ನುವ ದನಿಯಲ್ಲೇ ಹೇಳಿದಳು. ನೀಲೇಶ ಬಕೀಟು ಹಿಡಿದುಕೊಂಡೇ ನಿಂತ. ಪಾಯಪ್ಪ ಎಂದು ಚೀಲದ ಮೇಲೆ ಬರೆದದ್ದು ಅವನದೇ ಅಕ್ಷರ. ಬಕೀಟು ಕೆಳಗಿಟ್ಟು ಫೋನ್ ತೆಗೆದು ಅಮೋಘಸಿದ್ಧನನ್ನು ಕರೆದ.

ಅಮೋಘಸಿದ್ಧ ಕುಪವಾಡದಲ್ಲಿ ಮಶೀನು ರಿಪೇರಿ ಮಾಡುವವನು. ಐವತ್ತರ ಗಂಡಸು, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. ಸಖುಬಾಯಿ ಹೇಳಿದ್ದನ್ನು ಕೇಳಿ ಅವನು ನಗಲಿಲ್ಲ. ಒಂದು ಮಶೀನಿಗೆ ಬಟ್ಟೆ ತುಂಬಿಸಿ, ಜಾಲಿಸುವ ಹೊತ್ತಿಗೆ ಮುಚ್ಚಳದ ಬೀಗವನ್ನು ಹೇಗೋ ವಂಚಿಸಿ, ತೆರೆದಿಟ್ಟೇ ಓಡಿಸಿ ಇಬ್ಬರನ್ನೂ ಕರೆದು ತೋರಿಸಿದ.

"ನೋಡ್ರಿ ಬಾಯಿ. ಇದು ನೀರು ಉಳಸೂ ಸೆಟಿಂಗ್ ಮ್ಯಾಲೆ ಐತಿ. ಅರಿವಿ ಗರಗರ ತಿರುಗಿಸಿ ಮ್ಯಾಲಿಂದ ನೀರು ಸಿಂಪಡಸತೈತಿ, ಅಷ್ಟ. ಅರಿವಿ ನೀರಾಗ ಮುಳಗೂದ ಇಲ್ಲ."

ಬಟ್ಟೆಗಳೆಲ್ಲ ಡ್ರಮ್ಮಿನ ಗೋಡೆಗೆ ಚಕ್ಕುಲಿಯಂತೆ ಸುತ್ತಿ ಅಂಟಿಕೊಂಡಿದ್ದವು. ನೀರು ಮೇಲುಮೇಲಿನ ಪದರಕ್ಕೆ ಬಿದ್ದು ತೂತುಗಳಿಂದ ಹೊರಗೆ ಹೋಗುತ್ತಿತ್ತು. ಅವನು ಮಶೀನು ನಿಲ್ಲಿಸಿ, ನಡುವಿನಿಂದ ಒಂದು ಪ್ಯಾಂಟು ಎಳೆದು, ಮಡಿಕೆ ಬಿಡಿಸಿದ. ಒಳಗೆ ಪಾವಡರ್ ಬಿಳಿ ಗೆರೆಯಾಗಿ ಕೂತಿತ್ತು.

"ಹಂಗಾರ ಮಶೀನ ಸುಮಾರ ಅನ್ರಿ," ಎಂದ ನೀಲೇಶ.

"ಮಶೀನ ಚಲೋನ ಐತಿ. ಮ್ಯಾಲಿಂದ ಹಾಕೂ ಮಶೀನದಷ್ಟು ಚಲೋ ಜಾಲಸೂದು ಬ್ಯಾರೆ ಇಲ್ಲ, ಡ್ರಮ್ ತುಂಬ ನೀರು ಕೊಟ್ರ. ಅರಿವಿ ಈಸಬೇಕು. ನೀವು ನೀರು ಕೊಡೂದಿಲ್ಲ, ಲೋಕ ಅರಿವಿ ತುರಕೂದು ಬಿಡೂದಿಲ್ಲ, ಮ್ಯಾಲ ಪಾವಡರ್ ಅಂತೂ ರಾಶಿ. ಅದೇನ ಮಾಡೀತು?"

ಅವನು ಆರೂ ಮಶೀನುಗಳ ಸೆಟಿಂಗು ಬದಲಿಸಿದ. ಜಾಲಿಸುವಾಗ ಡ್ರಮ್ಮು ಪೂರ್ತಿ ತುಂಬುವಂತೆ ಮಾಡಿದ, ಒಂದರ ಬದಲು ಎರಡು ಸಲ. ಮುಕ್ಕಾಲು ಎತ್ತರಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು, ಬಟ್ಟೆ ಇದರ ಮೇಲೆ ಬರಬಾರದು ಎಂದ. ಮೊದಲ ಸಲದ ಒಗೆತ ಮುಗಿದಾಗ ಸಖುಬಾಯಿ ಮನೆಯಿಂದ ತಂದ ಅರಿಶಿಣವನ್ನು ಒಂದು ಚಾದರದ ಅಂಚಿಗೆ ತಿಕ್ಕಿದಳು. ಮೂವರೂ ಬಗ್ಗಿ ನೋಡಿದರು. ಹಳದಿ ಹಳದಿಯಾಗೇ ಉಳಿಯಿತು. ಅಮೋಘಸಿದ್ಧ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಮೂವತ್ತು ವರ್ಷ ಆತು ಈ ಧಂದೆಕ್ಕ. ಇಂಥಾ ಪರೀಕ್ಷೆ ಈಗ ನೋಡಿದೆ" ಎಂದ. ನೀಲೇಶ ಹಿಗ್ಗಿ ಚಹ ತರಿಸಿದ. ಸಖುಬಾಯಿ ಕಪ್ಪು ಹಿಡಿದು ಕೂತಳು. ಇಬ್ಬರೂ ತನ್ನನ್ನು ನೋಡಿ ನಗುತ್ತಿದ್ದಾರೆಂದು ತಿಳಿದು ತಾನೂ ಸ್ವಲ್ಪ ನಕ್ಕಳು.

ಸುಲಭವಾಗಿಯೇನೂ ನಡೆಯಲಿಲ್ಲ. ಹೊತ್ತು ಹೆಚ್ಚಾಯಿತೆಂದು ಗಿರಾಕಿಗಳು ಗೊಣಗಿದರು, ಕೆಲವರು ಬಿಟ್ಟೇ ಹೋದರು. ಬೇಸಿಗೆಯಲ್ಲಿ ಹದಿನೈದು ದಿನ ನೀರಿನ ಟ್ಯಾಂಕರಿಗೆ ಕಾಯಬೇಕಾಯಿತು. ಆ ದಿನಗಳಲ್ಲಿ ನೀಲೇಶ ಎರಡು ಮಶೀನು ಮುಚ್ಚಿದನೇ ಹೊರತು ಹಳೆಯ ಸೆಟಿಂಗಿಗೆ ಹೋಗಲಿಲ್ಲ. ಸಖುಬಾಯಿ ಆ ಎರಡು ಚಾದರಗಳನ್ನು ಹೊಸ ಸೆಟಿಂಗಿನಲ್ಲಿ ಒಮ್ಮೆ ಹಾಕಿ, ಒಣಗಿಸಿ, ಜೊತೆಯಲ್ಲಿ ಹಾಸಿಗೆಬಟ್ಟೆ ತರದೆ ಬಂದಿದ್ದ ಒಬ್ಬ ಮುದುಕಿಗೆ ಕೊಟ್ಟಳು. ಕೊಡುವಾಗ ಕೈ ತಡೆಯಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಕಾಗವಾಡದ ಕಡೆಯ ಹುಲಿಗೆಪ್ಪ ಎಂಬವನು ಬಂದ. ತಾಯಿಗೆ ಸೊಂಟದ ಆಪರೇಶನ್ ಆಗಿತ್ತು. ಎರಡು ವಾರದ ಬಟ್ಟೆಯನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದ. ಸಖುಬಾಯಿ ಗೆರೆ ತೋರಿಸಿ, ಎರಡು ಸಲ ಹಾಕ್ರಿ ಎಂದಳು. ಅವನು ಹ್ಞೂ ಎಂದು, ಅವಳು ಆ ಕಡೆ ತಿರುಗಿದೊಡನೆ ಎಲ್ಲವನ್ನೂ ಒಂದಕ್ಕೇ ತುರುಕಿ, ಮೇಲೆ ಮಂಡಿಯೂರಿ ಒತ್ತತೊಡಗಿದ. ಅವಳು ಹೋಗಿ ಮತ್ತೆ ಹೇಳಿದಳು.

"ಹೋಗಲಿ ಬಿಡವಾ, ಮಶೀನ ಒಗೀತೈತಿ. ಮುದುಕಿ ಅರಿವಿ, ಯಾರ ನೋಡತಾರ?" ಎಂದ ಅವನು.

"ತಗೀ ಹೊರಗ!"

ಕೂಗಿದ್ದು ಯಾರೆಂದು ಸಖುಬಾಯಿಗೆ ಮೊದಲು ತಿಳಿಯಲಿಲ್ಲ. ಲಾಂಡ್ರಿಯಲ್ಲಿದ್ದವರೆಲ್ಲ ತಿರುಗಿದರು. ಅವಳು ಮಶೀನಿನೊಳಗೆ ಎರಡೂ ಕೈ ಹಾಕಿ ಬಟ್ಟೆಗಳನ್ನು ಎಳೆದು ನೆಲಕ್ಕೆ ಹಾಕುತ್ತಿದ್ದಳು. "ಯಾರ ನೋಡತಾರ? ಅಕಿ ಮಲಗತಾಳಲ್ಲ ಇದರ ಮ್ಯಾಲೆ! ಹಗಲ ರಾತ್ರಿ ಮಲಗತಾಳ! ನಿನಗ ಹಾಸಿ ಹೊಚ್ಚಿ ದೊಡ್ಡವನ್ನ ಮಾಡ್ಯಾಳ, ಅಕಿ ಬೆನ್ನಿಗೆ ಸಬಕಾರ ಹಾಸತಿ ಏನು? ತಗೀ ಅಂದ್ನಿ, ತಗೀ!"

ಹುಲಿಗೆಪ್ಪ ಹಿಂದೆ ಸರಿದು, "ತಗೀತೇನಿ ತಾಯಿ, ತಗೀತೇನಿ" ಎಂದು ಬಗ್ಗಿ ಬಟ್ಟೆ ಆಯತೊಡಗಿದ. ಸಖುಬಾಯಿಗೆ ಉಸಿರು ಸಿಗುತ್ತಿರಲಿಲ್ಲ. ಕಿವಿ ಬಿಸಿಯಾಗಿತ್ತು. ನೀಲೇಶ ಬಂದು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ಅವಳು ಕುಡಿದಳು. ಕುತ್ತಿಗೆಯ ಮೇಲೆಲ್ಲ ಚೆಲ್ಲಿಕೊಂಡಳು. ಹುಲಿಗೆಪ್ಪ ಬಟ್ಟೆಯನ್ನು ಎರಡು ಪಾಲು ಮಾಡಿ, ಎರಡು ಮಶೀನಿಗೆ ಹಾಕಿ, ಎರಡರ ನಡುವೆ ಕೈಕಟ್ಟಿ ನಿಂತ.

"ನಾಳೆ ರಜಾ ಬೇಕು," ಎಂದಳು ಸಖುಬಾಯಿ.

ನೀಲೇಶನಿಗೆ ಕೇಳಿದ್ದು ನಂಬಿಕೆಯಾಗಲಿಲ್ಲ. "ತಗೋರಿ ಮಾವಶಿ. ಎಲ್ಲಿಗೆ, ಸಮಡೋಳಿಗೆ ಹೋಗತೀರೇನು?"

"ಎಲ್ಲಿಗೂ ಇಲ್ಲ. ದಣದೇನಿ. ಮಲಗತೇನಿ."

ಮರುದಿನ ಅವಳು ಹತ್ತೂವರೆಯವರೆಗೆ ಮಲಗಿದಳು. ಮೈಯ ಒಂದೊಂದು ಕೀಲೂ ನೋಯುತ್ತಿತ್ತು, ಭುಜ ಎತ್ತಲಾಗುತ್ತಿರಲಿಲ್ಲ. ಈ ಸಲ ನೋವು ತನ್ನದೇ ಎನ್ನಿಸಿತು. ಎದ್ದು ಚಹ ಮಾಡಿಕೊಂಡು ಬಾಗಿಲಲ್ಲಿ ಕೂತು ಕುಡಿದಳು. ದುಂಡವ್ವನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಏನು ವಿಶೇಷ ಎಂದಾಗ, ಏನಿಲ್ಲ, ಹಂಗ ಮಾಡಿದೆ ಎಂದಳು. ಇಬ್ಬರೂ ಮಳೆಯ ಸುದ್ದಿ, ಸೋಯಾ ಬಿತ್ತಿದ ಸುದ್ದಿ ಆಡಿದರು. ಮಧ್ಯಾಹ್ನ ಮತ್ತೆ ಮಲಗಿದಳು. ಅದರ ಮರುದಿನ ಬೆಳಿಗ್ಗೆ ಏಳಕ್ಕೆ, ಎಂದಿನಂತೆ, ಬುಧಗಾಂವದ ಬಸ್‌ಸ್ಟಾಪಿನಲ್ಲಿ ಡಬ್ಬಿ ಹಿಡಿದು ನಿಂತಿದ್ದಳು.